ಫ್ರೀ ಹೆಸರು ಯಾರದು? (ಹೋಂ ಸರ್ವರ್, ಭಾಗ 3)

ದೋಸ್ತರ, "ಯಾವ ಫ್ರೀ ಡೈನಾಮಿಕ್ ಡಿಎನ್‌ಎಸ್ ಬೆಸ್ಟ್?" ಅಂತ ಡಿಎಂ ಮ್ಯಾಲ ಡಿಎಂ ಬಂದಾವ. ಪ್ರಶ್ನೇನ ತಪ್ಪೈತಿ.

ಮನಿ ಐಪಿ ಅಡ್ರೆಸ್ ಬದಲಾಗ್ತಾ ಇರ್ತೈತಿ. ಈ ಸರ್ವಿಸ್ ಒಂದು ಹೆಸರು ಕೊಟ್ಟು, ಅದನ್ನ ಹೊಸ ಅಡ್ರೆಸ್‌ಗೆ ಜೋಡಿಸ್ತೈತಿ. ಅಷ್ಟ.

ಇಂಟರ್ನಲ್ಸ್ ಹಿಂದಿನ ರಾತ್ರಿ ಕಾಸ್ಟಿಂಗ್ ನೋಟ್ಸ್ ಲಿಂಕ್ ಸತ್ತಿದ್ದು ನೆನಪೈತಿ? ಮಮದಾಪುರದ ನಮ್ಮ ಮನ್ಯಾಗ ಸರ್ವರ್ ಚಾಲೂನ ಇತ್ತು. ಟೈಮಿಗೆ ಕನ್ಫರ್ಮ್ ಮಾಡ್ಲಿಲ್ಲ ಅಂತ ಫ್ರೀ ಹೆಸರು ಅಳಿಸಿದ್ರು. ಬೈಸಿಕೊಂಡವ ನಾನು.

ದೊಡ್ಡ ಕಂಪನಿ ಅಂತ ನಂಬಬ್ಯಾಡ್ರಿ. ಡಿನ್ ತನ್ನ ಫ್ರೀ ಸೇವೆಯನ್ನು 2014ರ ಮೇ ತಿಂಗಳಲ್ಲಿ ನಿಲ್ಲಿಸಿತು. ಅದೇ ವರ್ಷ ಜೂನ್ 30ಕ್ಕೆ ಮೈಕ್ರೋಸಾಫ್ಟ್, ಮಾಲ್‌ವೇರ್ ಕೇಸಿನಲ್ಲಿ ಕೋರ್ಟ್ ಆದೇಶ ತಂದು ನೋ-ಐಪಿಯ ಡೊಮೇನ್‌ಗಳನ್ನ ವಶಕ್ಕೆ ತಗೊಂಡಿತು. ಏನೂ ತಪ್ಪು ಮಾಡದ ಲಕ್ಷಾಂತರ ಮಂದಿಯ ಲಿಂಕ್ ಬಂದ್!

ಬಿಕಾಂ ಓದವ್ರು ನಾವು, ಮೊದಲು ಕೇಳ್ರಿ: ಖರ್ಚು ಯಾರು ಹಾಕ್ತಾರ? ಡಕ್ ಡಿಎನ್‌ಎಸ್ ದೇಣಿಗಿ ಮ್ಯಾಲ ನಡೀತೈತಿ. ಡಿಸೆಕ್ ಬರ್ಲಿನ್‌ನ ಲಾಭರಹಿತ ಸಂಸ್ಥೆ. ನನ್ನ ವೋಟು ಇಂಥವಕ್ಕ.

ಆದ್ರ ಇವನ್ನೂ ಕಣ್ಣು ಮುಚ್ಚಿ ನಂಬಬ್ಯಾಡ್ರಿ. ಹತ್ತು ಮಂದಿ ಕೂಡಿ, ವರ್ಷಕ್ಕೆ ತಲಿಗೆ ನೂರರ ಆಸುಪಾಸು ಹಾಕಿ ಸ್ವಂತ ಡೊಮೇನ್ ತಗೋರಿ. ಸಿನೇಮ್ ದಾಖಲೆ ಹಾಕಿ ಅದನ್ನ ಫ್ರೀ ಹೆಸರಿಗೆ ತಿರುಗಿಸ್ರಿ. ನಾಳೆ ಫ್ರೀ ಸರ್ವಿಸ್ ಮುಚ್ಚಿದ್ರ ಆ ಒಂದು ಸಾಲು ಬದಲಿಸಿದ್ರ ಸಾಕು. ಎಲ್ಲಾರ ಕೈಯಾಗಿನ ಲಿಂಕ್ ಅದ ಇರ್ತೈತಿ.

"ಫ್ರೀ ಇದ್ದಾಗ ರೊಕ್ಕ ಯಾಕ?" ಅನ್ನಾವ್ರಿಗೆ ಒಂದ ಮಾತು: ಸೇವೆ ಫ್ರೀ ತಗೋರಿ, ಹೆಸರು ಮಾತ್ರ ನಿಮ್ಮದಿರಲಿ.

ರೂಟರ್‌ನ್ಯಾಗ ವ್ಯಾನ್ ಐಪಿ 100.64ರಿಂದ 100.127ರ ನಡುವ ಐತೇನು? ಹಂಗಿದ್ರ ಐಪಿವಿ4 ಮ್ಯಾಲ ಯಾವ ಹೆಸರೂ ಕೆಲಸಕ್ಕ ಬರಾಂಗಿಲ್ಲ. ಆ ಸಿಜಿನ್ಯಾಟ್ ಕಥಿ ಭಾಗ 4ರಾಗ.