ಗುಕೇಶ್‌ ಗೆದ್ದಿದ್ದು ಡಿಂಗ್‌ ಮಾಡಿದ ತಪ್ಪಿನಿಂದ ಮಾತ್ರವೇ?

ಸಿಂಗಾಪುರದಲ್ಲಿ ಗುರುವಾರ (ಡಿ. 12) ಚೆನ್ನೈನ ದೊಮ್ಮರಾಜು ಗುಕೇಶ್‌ ವಿಶ್ವ ಚೆಸ್‌ ಚಾಂಪಿಯನ್‌ ಆದ ಬೆನ್ನಲ್ಲೇ ಕೊಂಕು ಮಾತೂ ಶುರುವಾಗಿದೆ. ಹುಡುಗ ಗೆದ್ದಿದ್ದಲ್ಲ, ಚೀನಾದ ಡಿಂಗ್‌ ಲಿರೆನ್‌ ಸೋತಿದ್ದು ಎಂಬುದು ಅದರ ಸಾರ. ಮಾಜಿ ಚಾಂಪಿಯನ್‌ ವ್ಲಾದಿಮಿರ್‌ ಕ್ರಾಮ್ನಿಕ್‌ ಕೂಡ ಆಟದ ಗುಣಮಟ್ಟವನ್ನು ಟೀಕಿಸಿದ್ದಾರೆ.

ತಪ್ಪು ನಡೆದಿದ್ದು ನಿಜ. ಕೊನೆಯ, ಅಂದರೆ 14ನೇ ಪಂದ್ಯದ 55ನೇ ನಡೆಯಲ್ಲಿ ಡಿಂಗ್‌ ರೂಕ್‌ ಅನ್ನು ಎಫ್‌2 ಮನೆಗೆ ತಂದರು. ರೂಕ್‌ಗೆ ರೂಕ್‌, ಬಿಷಪ್‌ಗೆ ಬಿಷಪ್‌ ಹೋದರೆ ಹಲಗೆಯ ಮೇಲೆ ರಾಜ ಮತ್ತು ಕಾಲಾಳುಗಳಷ್ಟೇ ಉಳಿಯುತ್ತವೆ. ಗುಕೇಶ್‌ ಬಳಿ ಒಂದು ಕಾಲಾಳು ಹೆಚ್ಚಿತ್ತು. ಮೂರೇ ನಡೆಗಳಲ್ಲಿ ಡಿಂಗ್‌ ಸೋಲೊಪ್ಪಿಕೊಂಡರು. ಅಂತಿಮ ಅಂಕ 7.5–6.5.

ಆದರೆ ಆ ತಪ್ಪಿಗೆ ಮುನ್ನ ಏನಾಯಿತು ಎಂಬುದನ್ನೂ ನೋಡಬೇಕಲ್ಲ? ಆಟ ಡ್ರಾ ಕಡೆಗೇ ವಾಲಿತ್ತು. ಕಪ್ಪು ಕಾಯಿ ಹಿಡಿದಿದ್ದ ಗುಕೇಶ್‌ ಡ್ರಾ ಒಪ್ಪಿ ಮರುದಿನದ ಟೈಬ್ರೇಕರ್‌ಗೆ ಕಾಯಬಹುದಿತ್ತು. ಕಾಯಲಿಲ್ಲ. ಇದ್ದ ಒಂದು ಕಾಲಾಳಿನ ಬಲದಲ್ಲಿ ಗಂಟೆಗಟ್ಟಲೆ ಒತ್ತಡ ಹೇರುತ್ತಲೇ ಹೋದರು. ಸುಸ್ತಾದ ಎದುರಾಳಿ ಎಡವಿದರು. ಇದನ್ನು ಅದೃಷ್ಟ ಅನ್ನುವುದು ಕಷ್ಟ. ಗ್ಯಾರಿ ಕಾಸ್ಪರೊವ್‌ 22ಕ್ಕೆ ಏರಿದ ಪಟ್ಟಕ್ಕೆ ಈತ 18ಕ್ಕೇ ಏರಿದ್ದು ಹೀಗೆ.

ನಿಜಕ್ಕೂ ಅದೃಷ್ಟದ ಅಂಚಿನಲ್ಲಿದ್ದಿದ್ದು ಒಂದು ವರ್ಷದ ಹಿಂದೆ. 2023ರ ಡಿಸೆಂಬರ್‌ನಲ್ಲಿ ಗುಕೇಶ್‌ಗೆ ಕ್ಯಾಂಡಿಡೇಟ್ಸ್‌ ಟೂರ್ನಿಯ ಅರ್ಹತೆಯೇ ಖಚಿತವಿರಲಿಲ್ಲ. ಫಿಡೆ ಸರ್ಕ್ಯೂಟ್‌ನ ಅಂಕಗಳು ಬೇಕಿದ್ದವು. ಆ ಹೊತ್ತಿಗೆ ತಮಿಳುನಾಡು ಕ್ರೀಡಾ ಪ್ರಾಧಿಕಾರ ತರಾತುರಿಯಲ್ಲಿ ಚೆನ್ನೈ ಗ್ರ್ಯಾಂಡ್‌ ಮಾಸ್ಟರ್ಸ್‌ ಟೂರ್ನಿ ನಡೆಸಿತು. ಇದು ಸರಿಯೇ ಎಂಬ ಆಕ್ಷೇಪವೂ ಬಂತು. ಗುಕೇಶ್‌ ಅಲ್ಲಿ ಗೆದ್ದರು, ಏಪ್ರಿಲ್‌ನಲ್ಲಿ ಟೊರಾಂಟೊದಲ್ಲೂ ಗೆದ್ದರು. ಒಂದು ರಾಜ್ಯ ಸರ್ಕಾರ ಸರಿಯಾದ ವಾರದಲ್ಲಿ ಕೈಹಾಕಿದ್ದಕ್ಕೆ ಸಿಕ್ಕ ಫಲವಿದು.

ಆದರೆ ಅದಕ್ಕೂ ಹಿಂದೆ? ತಂದೆ ಇಎನ್‌ಟಿ ಶಸ್ತ್ರಚಿಕಿತ್ಸಕ. ಮಗನ ಜೊತೆ ಊರೂರು ಸುತ್ತಲು ಅವರು ವೃತ್ತಿಯನ್ನೇ ಬದಿಗಿಟ್ಟರು, ಮೈಕ್ರೋಬಯಾಲಜಿಸ್ಟ್‌ ತಾಯಿಯ ಸಂಬಳದಲ್ಲಿ ಮನೆ ನಡೆಯಿತು. 2017–18ರ ಹೊತ್ತಿಗೆ ಸ್ನೇಹಿತರೇ ದುಡ್ಡು ಕೊಟ್ಟು ಟೂರ್ನಿಗೆ ಕಳಿಸಬೇಕಾಯಿತು. ಡಾಕ್ಟರ ಮನೆಯ ಪಾಡೇ ಹೀಗಿದ್ದರೆ ಉಳಿದವರದ್ದೇನು!

ವಿಶ್ವನಾಥನ್‌ ಆನಂದ್‌ ಅವರ ಅಕಾಡೆಮಿ ಶುರುವಾಗಿದ್ದು 2020ರಲ್ಲಿ. ಗುಕೇಶ್‌ 12ನೇ ವಯಸ್ಸಿಗೇ ಗ್ರ್ಯಾಂಡ್‌ಮಾಸ್ಟರ್‌ ಆಗಿ ಆಗಲೇ ಒಂದು ವರ್ಷ ಕಳೆದಿತ್ತು. ಈಗ ಸುಮಾರು 11 ಕೋಟಿ ರೂಪಾಯಿ ಬಹುಮಾನ ಬಂದಿದೆ, ತಮಿಳುನಾಡು 5 ಕೋಟಿ ಘೋಷಿಸಿದೆ. ಎಲ್ಲವೂ ಗೆದ್ದ ಮೇಲೆ. ನಾರ್ಮ್‌ಗಾಗಿ ಯುರೋಪಿನ ಟೂರ್ನಿಗಳಿಗೆ ಅಲೆಯಬೇಕಾದ ಹತ್ತು–ಹನ್ನೊಂದರ ಮಕ್ಕಳ ವಿಮಾನ ಟಿಕೆಟ್‌ಗೆ ಇವತ್ತಿಗೂ ಅಪ್ಪ–ಅಮ್ಮನೇ ಹಣ ಹೊಂದಿಸುತ್ತಿದ್ದಾರೆ.