ಊರಿಗೊಂದು ಬಾನುಲಿ

ಬೋವಿಕಾನ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೀರಿ ಎಂದುಕೊಳ್ಳಿ. ಚೆರ್ಕಳದ ಕಡೆಯಿಂದ ಮೈಕ್ ಕಟ್ಟಿದ ಒಂದು ಆಟೋರಿಕ್ಷಾ ಬರುತ್ತದೆ. "ಮಾನ್ಯರೇ, ನಾಳೆ ಬೆಳಿಗ್ಗೆ ಹತ್ತು ಗಂಟೆಗೆ..." ಎಂದು ಕೇಳಿಸುವಷ್ಟರಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತದೆ. ಆಟೋ ಮುಂದೆ ಹೋಗಿಬಿಡುತ್ತದೆ. ನಾಳೆ ಹತ್ತು ಗಂಟೆಗೆ ಏನು? ಕಣ್ಣಿನ ತಪಾಸಣೆಯೇ, ಗ್ರಾಮಸಭೆಯೇ, ಯಾವುದಾದರೂ ಪಕ್ಷದ ಮೆರವಣಿಗೆಯೇ? ಪಕ್ಕದಲ್ಲಿ ನಿಂತವರಿಗೂ ಗೊತ್ತಿಲ್ಲ. ಆಟೋವನ್ನು ನಿಲ್ಲಿಸಿ ಕೇಳೋಣವೆಂದರೆ ಮಾತನಾಡುವವರು ಅದರೊಳಗೆ ಇಲ್ಲ. ಅದು ಮೊದಲೇ ದಾಖಲಿಸಿಟ್ಟ ಧ್ವನಿ.

ಈಗ ಎಲ್ಲರ ಕೈಯಲ್ಲೂ ಫೋನು ಇದೆಯಲ್ಲ, ಸುದ್ದಿ ಅದರಲ್ಲೇ ಬರುತ್ತದಲ್ಲ ಎಂದು ನೀವು ಹೇಳಬಹುದು. ಬರುತ್ತದೆ, ನಿಜ. ಜೋರು ಮಳೆ ಬಂದ ರಾತ್ರಿ "ನಾಳೆ ಶಾಲೆಗೆ ರಜೆ" ಎಂಬ ಸಂದೇಶವೂ ಬರುತ್ತದೆ. ಜಿಲ್ಲಾಧಿಕಾರಿಯವರು ಸಾರಿದ ರಜೆಯೋ, ಹೋದ ವರ್ಷದ ಸಂದೇಶವೋ, ಯಾರೋ ತಮಾಷೆಗೆ ಬರೆದದ್ದೋ ತಿಳಿಯುವುದಿಲ್ಲ. ಅದನ್ನು ನಂಬಿ ಮನೆಯಲ್ಲಿ ಕುಳಿತವರು ನಿಮ್ಮ ತರಗತಿಯಲ್ಲೂ ಇರಬಹುದು! ಹೆಸರು ಹೇಳಿ, ತಪ್ಪಾದರೆ ತಿದ್ದಿ ಹೇಳುವ ಒಂದು ಧ್ವನಿ ಊರಿಗೆ ಬೇಕು. ಅದಕ್ಕೆ ಒಂದು ಸಣ್ಣ ಬಾನುಲಿ ನಿಲಯ ಸಾಕು ಎಂಬುದು ನನ್ನ ಅಭಿಪ್ರಾಯ.

ಬಾನುಲಿ ಎಂದರೆ ದೊಡ್ಡ ನಗರದ ದೊಡ್ಡ ಕಟ್ಟಡವೇ ಆಗಬೇಕೆಂದಿಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಚಿಕ್ಕ ಪ್ರಸಾರ ಯಂತ್ರವನ್ನಿಟ್ಟು ನಿಲಯವನ್ನು ಆರಂಭಿಸಿದರು. ಅದಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಮನೆಯೊಂದರಲ್ಲಿ ಹುಟ್ಟಿದ ಆ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂತು.

ನಮ್ಮ ಕಡೆಯ ಮನೆಗಳಿಗೆ ಹತ್ತಿರವಾದದ್ದು 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ. ಕನ್ನಡ, ತುಳು, ಕೊಂಕಣಿ ಮಾತುಗಳು ಅದರಲ್ಲಿ ಕೇಳಿಬಂದವು. ಅಡಿಕೆಯ ಕೊಳೆರೋಗಕ್ಕೆ ಔಷಧ ಬಿಡುವ ಬಗೆ, ಬಾಣಂತಿಯ ಆರೈಕೆ, ಯಕ್ಷಗಾನ ತಾಳಮದ್ದಳೆ, ಚಿತ್ರಗೀತೆ ಎಲ್ಲವೂ ಒಂದೇ ಪೆಟ್ಟಿಗೆಯಿಂದ ಬರುತ್ತಿದ್ದವು. ತಾಳಮದ್ದಳೆಯ ರಾತ್ರಿ ರೇಡಿಯೊ ಇದ್ದ ಮನೆಯ ಜಗಲಿಯಲ್ಲಿ ನೆರೆಕರೆಯವರೂ ಬಂದು ಕೂರುತ್ತಿದ್ದರು. ಕಾಸರಗೋಡಿನ ಕಲಾವಿದರು, ಬರಹಗಾರರು ಅಲ್ಲಿಗೆ ಹೋಗಿ ಹಾಡಿದ್ದಾರೆ, ಮಾತನಾಡಿದ್ದಾರೆ. ಆ ಋಣ ದೊಡ್ಡದು.

ಆದರೆ ಒಂದು ಕೊರತೆ ಇತ್ತು, ಈಗಲೂ ಇದೆ. 1956ರಲ್ಲಿ ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿತು. ಮಂಗಳೂರಿನಿಂದ ಹೊರಟ ಅಲೆಗಳು ತಲಪಾಡಿಯ ಗಡಿಯಲ್ಲಿ ನಿಲ್ಲುವುದಿಲ್ಲ. ಆದರೆ ಆ ನಿಲಯ ಹೇಳುವುದು ಹೆಚ್ಚಾಗಿ ಕರ್ನಾಟಕದ ಸುದ್ದಿಯನ್ನು. ಕಣ್ಣೂರು, ತಿರುವನಂತಪುರದ ನಿಲಯಗಳು ಕೇರಳದ ಸುದ್ದಿಯನ್ನು ಹೇಳುತ್ತವೆ, ಅದು ಮಲೆಯಾಳದಲ್ಲಿ. ಬೋವಿಕಾನದ ಒಬ್ಬ ಕನ್ನಡದ ಅಜ್ಜಿಗೆ ತಿಳಿಯುವ ಮಾತಿನಲ್ಲಿ ಅವಳ ಪಂಚಾಯತಿನ ಸುದ್ದಿ ಇಲ್ಲ. ಪಂಚಾಯತಿನ ಸುದ್ದಿ ಇರುವ ಕಡೆ ಅವಳ ಮಾತು ಇಲ್ಲ. ಪಿಂಚಣಿಗೆ ಯಾವ ಕಾಗದ ಕೊಡಬೇಕು, ಆರೋಗ್ಯ ಕೇಂದ್ರದಲ್ಲಿ ಚುಚ್ಚುಮದ್ದು ಯಾವ ದಿನ ಎಂಬುದನ್ನು ಅವಳು ಮೊಮ್ಮಕ್ಕಳಿಂದ ಕೇಳಿಯೇ ತಿಳಿಯಬೇಕು.

ಇದು ಬರೀ ಅನುಕೂಲದ ಮಾತಲ್ಲ. ನಮ್ಮ ಜಿಲ್ಲೆಯಲ್ಲೇ ನಡೆದ ಒಂದು ಸಂಗತಿಯನ್ನು ನೆನಪಿಸಿಕೊಳ್ಳಿ. ಇಲ್ಲಿನ ಸರಕಾರಿ ಗೇರುತೋಟಗಳಿಗೆ 20 ವರ್ಷಗಳಿಗೂ ಹೆಚ್ಚು ಕಾಲ, 2000ದವರೆಗೆ, ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದರು. ಗುಡ್ಡೆಯ ಮೇಲೆ ಗೇರುಮರ, ಕೆಳಗೆ ಮನೆ, ಬಾವಿ, ತೋಡು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕರುಗಳು ಕಾಲು ಸೊಟ್ಟಗಾಗಿ ಹುಟ್ಟಿದ್ದನ್ನು ಕಂಡು ಪತ್ರಕರ್ತ ಶ್ರೀ ಪಡ್ರೆಯವರು 1980ರ ಸುಮಾರಿಗೇ ಬರೆದರು. ಅದೇ ಊರಿನ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರುವವರಲ್ಲಿ ವಿಚಿತ್ರ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಗಮನಿಸಿದರು. ದೂರದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ಅವರು 1998ರಲ್ಲಿ ನ್ಯಾಯಾಲಯಕ್ಕೆ ಹೋದರು. ಬೋವಿಕಾನ ಇರುವ ಮುಳಿಯಾರು ಪಂಚಾಯತು ಕೂಡ ಆ ವಿಷದ ತೊಂದರೆಗೊಳಗಾದ 11 ಪಂಚಾಯತುಗಳಲ್ಲಿ ಒಂದು.

ಪಡ್ರೆಯವರ ಸಂಕಟ ಪಡ್ರೆಯಲ್ಲಿ, ಪೆರಿಯದವರದು ಪೆರಿಯದಲ್ಲಿ, ಮುಳಿಯಾರಿನವರದು ಅವರವರ ಮನೆಯ ಬಾಗಿಲ ಒಳಗೆ. 'ನಮ್ಮ ಮನೆಯ ವಿಧಿ' ಎಂದುಕೊಂಡು ಸುಮ್ಮನಿದ್ದವರು ಎಷ್ಟೋ ಮಂದಿ. ಆಗ ಊರಿನದೇ ಒಂದು ಬಾನುಲಿ ಇದ್ದು, ಒಬ್ಬ ತಾಯಿ "ನನ್ನ ಮಗುವಿಗೆ ಹೀಗಾಗಿದೆ" ಎಂದು ಹೇಳಿದ್ದರೆ, ಇನ್ನೊಂದು ಗುಡ್ಡೆಯ ಆಚೆಯಿಂದ "ನಮ್ಮಲ್ಲೂ ಹಾಗೆಯೇ" ಎಂಬ ಉತ್ತರ ಬರುತ್ತಿತ್ತು. ಸಿಂಪರಣೆ ಒಂದೇ ದಿನದಲ್ಲಿ ನಿಲ್ಲುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಆ ಎರಡು ಮನೆಗಳು ಒಂದನ್ನೊಂದು ಹುಡುಕಿಕೊಳ್ಳಲು ಅಷ್ಟು ವರ್ಷ ಬೇಕಾಗುತ್ತಿರಲಿಲ್ಲ. ಸುಪ್ರೀಂ ಕೋರ್ಟು ಈ ಕೀಟನಾಶಕವನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ತೊಂದರೆಗೊಳಗಾದವರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದು 2017ರಲ್ಲಿ.

ಇಂಥ ಬಾನುಲಿ ನಮ್ಮಿಂದಾಗುವ ಕೆಲಸವೇ? ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ನೋಡಿ. ಎರಡು ದಶಕಗಳ ಹಿಂದೆ ಅಲ್ಲಿ 'ನಮ್ಮ ಧ್ವನಿ' ಎಂಬ ಕೇಂದ್ರ ಹುಟ್ಟಿತು. ಆಗ ಗಾಳಿಯಲ್ಲಿ ಪ್ರಸಾರ ಮಾಡಲು ಹಳ್ಳಿಯವರಿಗೆ ಅನುಮತಿ ಇರಲಿಲ್ಲ. ಅವರು ಸುಮ್ಮನೆ ಕೂರಲಿಲ್ಲ. ಟಿ.ವಿ.ಯ ಕೇಬಲ್ ತಂತಿಯಲ್ಲೇ ತಮ್ಮ ಮಾತನ್ನು ಮನೆಮನೆಗೆ ಕಳುಹಿಸಿದರು! ಕುಡಿಯುವ ನೀರಿನ ತೊಂದರೆಯಾದಾಗ ಊರವರ ದೂರುಗಳನ್ನು ದಾಖಲಿಸಿ ಎಲ್ಲರಿಗೂ ಕೇಳಿಸಿದರು. ಆಮೇಲೆ ದುರಸ್ತಿ ನಡೆಯಿತು.

ಅನುಮತಿಯ ಕತೆ ಇನ್ನೂ ಸ್ವಾರಸ್ಯದ್ದು. 1995ರಲ್ಲಿ ಕ್ರಿಕೆಟ್ ಪಂದ್ಯಗಳ ಪ್ರಸಾರದ ಬಗ್ಗೆ ಒಂದು ವ್ಯಾಜ್ಯ ಸುಪ್ರೀಂ ಕೋರ್ಟಿನ ಮುಂದೆ ಬಂತು. ಪ್ರಸಾರದ ಅಲೆಗಳು ಸಾರ್ವಜನಿಕರ ಸೊತ್ತು ಎಂದು ನ್ಯಾಯಾಲಯ ಆಗ ಹೇಳಿತು. 2006ರಲ್ಲಿ ಜನರ ಸಂಘಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಅವಕಾಶ ದೊರೆಯಿತು. 2008ರಲ್ಲಿ ಈಗಿನ ತೆಲಂಗಾಣದ ಮಾಚನೂರಿನಲ್ಲಿ ದಲಿತ ರೈತ ಮಹಿಳೆಯರು ತಮ್ಮದೇ 'ಸಂಘಂ ರೇಡಿಯೊ'ವನ್ನು ಆರಂಭಿಸಿದರು. ಅದನ್ನು ನಡೆಸಿದ ಇಬ್ಬರು ಯುವತಿಯರ ಹೆಸರೂ ನರಸಮ್ಮ. ನಮ್ಮ ಕೇರಳದ ವಯನಾಡಿನಲ್ಲಿ 2009ರಿಂದ 'ರೇಡಿಯೊ ಮಾಟ್ಟೊಲಿ' ಇದೆ. ಅಲ್ಲಿ ಆದಿವಾಸಿಗಳು ತಮ್ಮ ಮನೆಮಾತಿನಲ್ಲೇ ಮಾತನಾಡುತ್ತಾರೆ. ಇಂಥ ನಿಲಯದ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವಾಟಿನ ಒಳಗೆ, ಅಂದರೆ ಹಿಂದೆ ಅಂಗಡಿಗಳಲ್ಲಿ ಉರಿಯುತ್ತಿದ್ದ ಒಂದು ದೊಡ್ಡ ಬಲ್ಬಿನಷ್ಟು. ಹತ್ತು ಹದಿನೈದು ಕಿಲೋಮೀಟರಿನವರೆಗೆ ಕೇಳಿಸುತ್ತದೆ. ಬೋವಿಕಾನದಲ್ಲಿ ಒಂದು ಗೋಪುರ ನಿಲ್ಲಿಸಿದರೆ ಚೆರ್ಕಳದವರಿಗೂ ಕೇಳಿಸೀತು. ನಮ್ಮ ಗುಡ್ಡೆಗಳು ಅಲ್ಲಲ್ಲಿ ಅಡ್ಡ ಬರಬಹುದು.

ಆದರೆ ಒಂದು ನಿಯಮ ನನಗೆ ಒಪ್ಪಿಗೆಯಾಗುವುದಿಲ್ಲ. ಸಮುದಾಯ ಬಾನುಲಿಯವರು ತಾವೇ ಸುದ್ದಿ ಸಂಗ್ರಹಿಸಿ ಓದುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಬದಲಿಸದೆ ಕೇಳಿಸಬಹುದು, ಅಷ್ಟೆ. ಹವಾಮಾನ, ನೀರು, ಕರೆಂಟು, ಪರೀಕ್ಷೆಗಳ ಮಾಹಿತಿ ಕೊಡಬಹುದು. ರಾಜಕೀಯ ಕೂಡದು. ಗಾಳಿಸುದ್ದಿಯಿಂದ ಜಗಳವಾದೀತೆಂಬ ಭಯ ಇದಕ್ಕೆ ಕಾರಣವಿರಬಹುದು. ಆ ಭಯ ಸುಳ್ಳಲ್ಲ. ಒಂದು ಪಕ್ಷದವರು ಮೈಕನ್ನು ಹಿಡಿದುಕೊಂಡರೆ ಉಳಿದವರ ಗತಿಯೇನು? ಆದರೂ ಗ್ರಾಮಸಭೆಯಲ್ಲಿ ಎಲ್ಲರೆದುರು ಆಡಿದ ಮಾತನ್ನು, ಬರಲಾಗದವರಿಗೆ ಹಾಗೆಯೇ ಕೇಳಿಸುವುದರಲ್ಲಿ ಏನು ಕೇಡಿದೆ? ರಸ್ತೆಗೆ ಎಷ್ಟು ಹಣ ಬಂತು ಎಂದು ಒಬ್ಬರು ಕೇಳಲಿ, ಸದಸ್ಯರು ಉತ್ತರಿಸಲಿ. ಎರಡೂ ಕೇಳಿಸಲಿ.

ಯಾವ ಭಾಷೆಯಲ್ಲಿ ಎಂದು ಕೇಳುವಿರಾ? ಪೇಟೆಯ ಅಂಗಡಿಗೆ ಹೋಗಿ ನೋಡಿ. ಒಬ್ಬರು ತುಳುವಿನಲ್ಲಿ ಬೆಲ್ಲದ ದರ ಕೇಳುತ್ತಾರೆ, ಅಂಗಡಿಯವರು ಮಲೆಯಾಳದಲ್ಲಿ ಹೇಳುತ್ತಾರೆ, ಪಕ್ಕದವರು ಕನ್ನಡದಲ್ಲಿ "ಜಾಸ್ತಿಯಾಯಿತು" ಎನ್ನುತ್ತಾರೆ. ವ್ಯಾಪಾರ ಮುಗಿಯುತ್ತದೆ. ಬ್ಯಾರಿ, ಕೊಂಕಣಿ, ಮರಾಠಿ ಆಡುವವರೂ ಇಲ್ಲಿದ್ದಾರೆ. ಅವರವರ ಮಾತಿನಲ್ಲಿ ಅವರವರು ಮಾತನಾಡಿದರೆ ಸಾಕು. ಶಾಲೆಯಲ್ಲಿ ಕನ್ನಡ ಕಲಿಯುವ ನಿಮಗೆ ಅದರಲ್ಲಿ ಒಂದು ಗಂಟೆ ಸಿಗಲಿ ಎಂಬ ಆಸೆಯೂ ನನಗಿದೆ. ಪಾಠಪುಸ್ತಕದ ಕನ್ನಡವಲ್ಲ, ನೀವು ಆಟದ ಬಯಲಿನಲ್ಲಿ ಆಡುವ ಕನ್ನಡ.

ಅಂಥ ಒಂದು ನಿಲಯ ಬಂದರೆ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಬರಲಿ. ರಿಬ್ಬನ್ ಕತ್ತರಿಸಿ ಅವರು ಹೋದ ಮೇಲೆ ಮೈಕಿನ ಮುಂದೆ ಯಾರನ್ನು ಕೂರಿಸಬೇಕು ಎಂದು ನನ್ನನ್ನು ಕೇಳಿದರೆ, ನಡೆಯಲಾಗದ ಮಗುವನ್ನು ವರ್ಷಗಟ್ಟಲೆ ಎತ್ತಿಕೊಂಡು ಆಸ್ಪತ್ರೆಯ ಬಸ್ಸು ಹತ್ತಿದ ಒಬ್ಬ ತಾಯಿಯನ್ನು ತೋರಿಸುತ್ತೇನೆ. "ಅಮ್ಮಾ, ನಿಮ್ಮ ದಿನ ಬೆಳಿಗ್ಗೆ ಹೇಗೆ ಆರಂಭವಾಗುತ್ತದೆ?" ಎಂದು ಒಂದೇ ಪ್ರಶ್ನೆ ಕೇಳಿದರೆ ಸಾಕು. ಅವರು ಹೇಳಿ ಮುಗಿಸುವವರೆಗೆ ನಡುವೆ ಹಾಡು ಹಾಕಬಾರದು.