ಬೆಂಕಿಯ ಜಲಪಾತ, ಖಾಲಿ ಬೆಟ್ಟ: ಫಾರ್ವರ್ಡ್ ಫೋಟೋದ ಚೌಕಟ್ಟಿನ ಆಚೆ ಏನಿದೆ?

ಕಪ್ಪು ಬಂಡೆಯ ಮೇಲಿಂದ ಕೆಂಡದ ಬಣ್ಣದ ಧಾರೆಯೊಂದು ಕೆಳಗಿಳಿಯುವ ವಿಡಿಯೋ ನಿಮಗೂ ಬಂದಿರಬಹುದು. ವರ್ಷ ವರ್ಷವೂ ವಾಟ್ಸಾಪ್ ಗುಂಪುಗಳಲ್ಲಿ ಅದು ಒಂದು ಸುತ್ತು ಹೊಡೆಯುತ್ತದೆ. ಜೊತೆಗಿನ ಬರಹ ಮಾತ್ರ ಬದಲಾಗುತ್ತಿರುತ್ತದೆ. ಒಮ್ಮೆ ಅದು ಅಮೆರಿಕದ ಲಾವಾ ಜಲಪಾತ, ಇನ್ನೊಮ್ಮೆ ವರ್ಷಕ್ಕೆ ಹತ್ತೇ ನಿಮಿಷ ಕಾಣುವ ಪವಾಡ. ಈಗೀಗ ‘ಇದು ಎಐ ಮಾಡಿದ್ದು, ನಂಬಬೇಡಿ’ ಎನ್ನುವ ಬುದ್ಧಿವಂತರೂ ಸೇರಿಕೊಂಡಿದ್ದಾರೆ.

ಚಿಕ್ಕ ಉತ್ತರ ಬೇಕಿದ್ದವರಿಗೆ: ಜಲಪಾತ ನಿಜ, ಬಣ್ಣ ನಿಜ, ಲಾವಾ ಸುಳ್ಳು. ಆದರೆ ಆ ವಿಡಿಯೋದಲ್ಲಿ ಕಾಣದ ಇನ್ನೊಂದು ಸಂಗತಿಯಿದೆ. ಅದನ್ನು ತೆಗೆದವರ ಅಕ್ಕಪಕ್ಕ ನಿಂತಿದ್ದ ನೂರಾರು, ಕೆಲವೊಮ್ಮೆ ಸಾವಿರಾರು ಜನ. ಈ ಬರಹ ಹೆಚ್ಚಾಗಿ ಅವರ ಬಗ್ಗೆ, ಅವರ ಕಾಲ ಕೆಳಗಿನ ನೆಲದ ಬಗ್ಗೆ.

ನೀರಿಗೆ ಬೆಂಕಿಯ ಬಣ್ಣ ಬರುವುದು ಹೇಗೆ?

ಇದು ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಹಾರ್ಸ್‌ಟೇಲ್ ಜಲಪಾತ. ಎಲ್ ಕ್ಯಾಪಿಟನ್ ಎಂಬ ದೈತ್ಯ ಬಂಡೆಯ ಪೂರ್ವದ ಅಂಚಿನಿಂದ ಬೀಳುವ ತೆಳ್ಳನೆಯ ಧಾರೆ. ಇದಕ್ಕೆ ದೊಡ್ಡ ನದಿಯ ಆಸರೆಯಿಲ್ಲ. ಬಂಡೆಯ ನೆತ್ತಿಯ ಮೇಲೆ ಬಿದ್ದ ಹಿಮ ಕರಗಿದರೆ ಅಥವಾ ಮಳೆ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಚಳಿಗಾಲ ಮತ್ತು ವಸಂತದ ಆರಂಭದಲ್ಲಿ ಮಾತ್ರ ಇದು ಹರಿಯುವುದು.

ಫೆಬ್ರವರಿಯ ಮಧ್ಯದಿಂದ ಕೊನೆಯವರೆಗಿನ ಕೆಲವು ದಿನ ಮುಳುಗುವ ಸೂರ್ಯ ಸರಿಯಾದ ಕೋನಕ್ಕೆ ಬರುತ್ತಾನೆ. ಆಗ ಸುತ್ತಲಿನ ಬಂಡೆಯೆಲ್ಲ ನೆರಳಿಗೆ ಸರಿದಿರುತ್ತದೆ, ಧಾರೆಯ ಮೇಲೆ ಮಾತ್ರ ಹಿಂದಿನಿಂದ ಬೆಳಕು ಬೀಳುತ್ತದೆ. ಸಂಜೆಯ ಬೆಳಕು ವಾತಾವರಣದಲ್ಲಿ ಹೆಚ್ಚು ದೂರ ಸಾಗಿ ಬರುವುದರಿಂದ ಅದರಲ್ಲಿನ ನೀಲಿ ಚದುರಿಹೋಗಿ ಕೆಂಪು, ಕಿತ್ತಳೆ ಉಳಿದಿರುತ್ತದೆ. ನಮ್ಮ ಆಗುಂಬೆಯ ಸೂರ್ಯ ಕೆಂಪಗಾಗುವುದೂ ಇದೇ ಕಾರಣಕ್ಕೆ. ಅಲ್ಲಿ ಕೆಂಪು ಬೆಳಕು ಬೀಳುವ ಪರದೆ ಒಂದು ಜಲಪಾತ, ವ್ಯತ್ಯಾಸ ಅಷ್ಟೇ.

ಅಂದಹಾಗೆ, ಸೂರ್ಯ ಇದೇ ಕೋನಕ್ಕೆ ಅಕ್ಟೋಬರಿನಲ್ಲೂ ಬರುತ್ತಾನೆ. ಆದರೆ ಆ ಹೊತ್ತಿಗೆ ಧಾರೆ ಸಾಮಾನ್ಯವಾಗಿ ಒಣಗಿರುತ್ತದೆ. ಅಂದರೆ ನೀರು, ಕೋನ, ಪಶ್ಚಿಮದಲ್ಲಿ ಮೋಡವಿಲ್ಲದ ಆಕಾಶ, ಇವು ಮೂರೂ ಒಂದೇ ಸಂಜೆ ಕೂಡಿಬರಬೇಕು. ಕೆಲವು ವರ್ಷ ಕೂಡಿಬರುವುದೇ ಇಲ್ಲ.

ಲಾವಾದ ಕಥೆಗೂ ಒಂದು ಹಿನ್ನೆಲೆಯಿದೆ. ಇದೇ ಕಣಿವೆಯ ಗ್ಲೇಸಿಯರ್ ಪಾಯಿಂಟ್ ಎಂಬ ಎತ್ತರದ ಜಾಗದಿಂದ ರಾತ್ರಿ ಹೊತ್ತು ನಿಜವಾದ ಕೆಂಡಗಳನ್ನು ಪ್ರಪಾತಕ್ಕೆ ದೂಡುವ ಪ್ರದರ್ಶನ 1870ರ ದಶಕದಲ್ಲಿ ಶುರುವಾಗಿತ್ತು. ಹೋಟೆಲಿನವರು ಪ್ರವಾಸಿಗರಿಗಾಗಿ ಮಾಡುತ್ತಿದ್ದ ಆಟ. ಅದನ್ನು ‘ಫೈರ್‌ಫಾಲ್’ ಎನ್ನುತ್ತಿದ್ದರು. 1968ರ ಜನವರಿಯಲ್ಲಿ ಉದ್ಯಾನ ಇಲಾಖೆ ಅದನ್ನು ನಿಲ್ಲಿಸಿತು. ಇದು ಪ್ರಕೃತಿಯದಲ್ಲ ಎನ್ನುವುದು ಒಂದು ಕಾರಣ. ನೋಡಲು ಸೇರುತ್ತಿದ್ದ ಜನಸಂದಣಿ ಕಣಿವೆಯ ಹುಲ್ಲುಗಾವಲನ್ನು ತುಳಿದು ಹಾಳುಮಾಡುತ್ತಿತ್ತು ಎನ್ನುವುದು ಇನ್ನೊಂದು. ಕೃತಕ ಬೆಂಕಿ ನಿಂತ ಐದು ವರ್ಷಕ್ಕೆ, 1973ರಲ್ಲಿ, ಛಾಯಾಗ್ರಾಹಕ ಗೇಲನ್ ರೋವೆಲ್ ಹಾರ್ಸ್‌ಟೇಲ್‌ನ ಈ ಬೆಳಕನ್ನು ಬಣ್ಣದ ಫಿಲ್ಮಿನಲ್ಲಿ ಹಿಡಿದರು. ಹಳೆಯ ಹೆಸರು ಹೊಸ ಬೆಳಕಿಗೆ ಅಂಟಿಕೊಂಡಿತು. ಹೆಸರಿನ ಹಿಂದೆ ಜನಸಂದಣಿಯೂ ಬಂತು.

ಫೋಟೋಗಳು ಫೋನಿನಿಂದ ಫೋನಿಗೆ ಹಾರತೊಡಗಿದ ಮೇಲೆ ಕೆಲವು ಸಂಜೆಗಳಲ್ಲಿ ಅಲ್ಲಿ 2,000ಕ್ಕೂ ಹೆಚ್ಚು ಜನ ನೆರೆದದ್ದುಂಟು. ರಸ್ತೆ ಬದಿ ತುಂಬಿದ ಮೇಲೆ ಜನ ಮರ್ಸೆಡ್ ನದಿಯ ದಡಕ್ಕೆ ಇಳಿದರು, ದಡ ತುಂಬಿದಾಗ ನದಿಗೇ ಇಳಿದರು. ದಡದ ಮಣ್ಣು ಕುಸಿಯಿತು, ಗಿಡಗಳು ಕಾಲಡಿಗೆ ಸಿಕ್ಕವು. ಅಷ್ಟು ಜನಕ್ಕೆ ಶೌಚಾಲಯ ಇರಲಿಲ್ಲ ಎಂದರೆ ಉಳಿದದ್ದನ್ನು ನೀವೇ ಊಹಿಸಬಹುದು. ಕೊನೆಗೆ ಉದ್ಯಾನದವರು ನದಿದಡದ ಜಾಗಗಳನ್ನು ಮುಚ್ಚಿ, ವಾಹನ ನಿಲುಗಡೆ ನಿಷೇಧಿಸಿ, ದೂರದಿಂದ ನಡೆದೇ ಬರುವಂತೆ ಮಾಡಿದರು. ಕೆಲವು ವರ್ಷ ಮುಂಗಡ ಬುಕಿಂಗ್ ಕೂಡ ಬೇಕಾಯಿತು.

ಅಷ್ಟು ಜನ ಫೋಟೋದಲ್ಲಿ ಏಕೆ ಕಾಣುವುದಿಲ್ಲ?

ಫೋಟೋಶಾಪ್ ಎಂದು ತಕ್ಷಣ ಹೇಳುವವರಿದ್ದಾರೆ. ಅದರ ಅಗತ್ಯವೇ ಬೀಳುವುದಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ನೋಡುತ್ತಾ ಸಾಲಾಗಿ ನಿಂತಾಗ ಒಬ್ಬರ ಚೌಕಟ್ಟಿನಲ್ಲಿ ಇನ್ನೊಬ್ಬರು ಬರುವುದಿಲ್ಲ. ಜೊತೆಗೆ ಹಾರ್ಸ್‌ಟೇಲ್‌ನಂಥ ದೂರದ ದೃಶ್ಯವನ್ನು ಹಿಡಿಯುವುದು ಉದ್ದನೆಯ ಜೂಮ್ ಲೆನ್ಸಿನಲ್ಲಿ. ಅದು ಬಂಡೆಯ ಒಂದು ಪಟ್ಟಿಯನ್ನಷ್ಟೇ ಕತ್ತರಿಸಿ ಕೊಡುತ್ತದೆ. ಅದೇ ಜಾಗದಲ್ಲಿ ಫೋನಿನ ಮಾಮೂಲಿ ಲೆನ್ಸ್ ಹಿಡಿದರೆ ಸಿಗುವುದು ಕಪ್ಪು ಬೆಟ್ಟದ ಮೇಲೊಂದು ಕಿತ್ತಳೆ ದಾರ, ಕೆಳಗೆ ನೂರು ತಲೆ.

ಇದಲ್ಲದೆ ಶಟರನ್ನು ಬಹಳ ಹೊತ್ತು ತೆರೆದಿಟ್ಟರೆ ಓಡಾಡುವವರು ಚಿತ್ರದಲ್ಲಿ ಉಳಿಯುವುದಿಲ್ಲ. ಇದು ಹೊಸ ತಂತ್ರವೂ ಅಲ್ಲ, ಮೊದಮೊದಲು ತಂತ್ರವೂ ಆಗಿರಲಿಲ್ಲ. 1838ರಲ್ಲಿ ಲೂಯಿ ಡಾಗೆರ್ ತೆಗೆದ ಪ್ಯಾರಿಸ್ ಬೀದಿಯ ಚಿತ್ರದಲ್ಲಿ ಗಿಜಿಗುಡುವ ರಸ್ತೆ ಪೂರ್ತಿ ಖಾಲಿ ಕಾಣುತ್ತದೆ. ಚಿತ್ರ ಮೂಡಲು ನಿಮಿಷಗಟ್ಟಲೆ ಹಿಡಿಯುತ್ತಿದ್ದುದರಿಂದ ಗಾಡಿಗಳೂ ಜನರೂ ದಾಖಲಾಗಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಒಂದೇ ಕಡೆ ನಿಂತಿದ್ದ ವ್ಯಕ್ತಿಯೊಬ್ಬ ಮಾತ್ರ ಉಳಿದುಕೊಂಡ. ಈಗ ಆ ಕೆಲಸಕ್ಕೆ ಫೋನಿನ ಅಳಿಸುವ ಬಟನ್ ಸಾಕು.

ನಾರ್ವೆಯ ಟ್ರೋಲ್‌ಟುಂಗಾದ ಫೋಟೋ ನೀವು ಖಂಡಿತ ನೋಡಿರುತ್ತೀರಿ. ನಾಲಿಗೆಯಂತೆ ಚಾಚಿದ ಬಂಡೆ, ಸುಮಾರು 700 ಮೀಟರ್ ಕೆಳಗೆ ನೀಲಿ ಸರೋವರ, ತುದಿಯಲ್ಲಿ ಒಬ್ಬರೇ ಒಬ್ಬರು. ಬೇಸಿಗೆಯ ಜನನಿಬಿಡ ದಿನಗಳಲ್ಲಿ ಆ ‘ಒಬ್ಬರೇ’ ಆಗಲು ಉದ್ದ ಸರತಿಯಲ್ಲಿ ನಿಲ್ಲಬೇಕು. ಸರತಿ ಕ್ಯಾಮೆರಾದ ಈಚೆ, ನಾಲಿಗೆ ಆಚೆ. ಸಾಲಿನಲ್ಲಿರುವ ಪ್ರತಿಯೊಬ್ಬರೂ ಅದೇ ಏಕಾಂತದ ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ.

ಬೇರೆಯವರನ್ನು ನಗುವುದು ಸುಲಭ. ನಮ್ಮ ಫೋನಿನಲ್ಲೂ ಆಗುಂಬೆಯ ಸೂರ್ಯಾಸ್ತದ ಹತ್ತಾರು ಫೋಟೋಗಳಿವೆ. ಒಂದರಲ್ಲೂ ಪಕ್ಕದವರ ಮೊಣಕೈ ಇಲ್ಲ. ಇತ್ತು, ಕ್ರಾಪ್ ಮಾಡಿದ್ದೇವೆ.

ನಾನೊಬ್ಬ ದಾರಿ ಬಿಟ್ಟರೆ ಏನು ಮಹಾ?

ಜನವಿಲ್ಲದ ಫೋಟೋದಿಂದ ಆಗುವ ನಿಜವಾದ ತೊಂದರೆ ಇಲ್ಲಿ ಶುರುವಾಗುತ್ತದೆ. ಪ್ರಸಿದ್ಧ ಜಾಗಕ್ಕೆ ಹೋದವರಿಗೆ ತಲೆಗಳಿಲ್ಲದ ಚೌಕಟ್ಟು ಬೇಕು. ಅದಕ್ಕಾಗಿ ಹತ್ತು ಹೆಜ್ಜೆ ಕಾಲುದಾರಿ ಬಿಟ್ಟು ಹುಲ್ಲಿನ ಮೇಲೆ, ಇಳಿಜಾರಿನ ಕಡೆ ಸರಿಯುತ್ತಾರೆ. ‘ಸಾವಿರ ಜನ ತುಳಿದ ಜಾಗದಲ್ಲಿ ನಿಲ್ಲುವುದಕ್ಕಿಂತ ಯಾರೂ ತುಳಿಯದ ಕಡೆ ನಾನೊಬ್ಬ ನಿಂತರೆ ಹಾನಿ ಕಡಿಮೆ’ ಎಂಬ ಲೆಕ್ಕ ಕೇಳಲು ಸರಿಯಾಗಿಯೇ ಇದೆ. ಆದರೆ ನೆಲದ ಲೆಕ್ಕ ಬೇರೆ.

ಪ್ರವಾಸಿಗರಿಂದ ನಿಸರ್ಗದ ಮೇಲಾಗುವ ಪರಿಣಾಮವನ್ನು ಅಧ್ಯಯನ ಮಾಡುವವರು ದಶಕಗಳಿಂದ ಹೇಳುತ್ತಾ ಬಂದಿರುವ ಮಾತಿದು: ತುಳಿತದ ಹಾನಿ ಜನಸಂಖ್ಯೆಯ ಜೊತೆ ಸಮನಾಗಿ ಏರುವುದಿಲ್ಲ. ಯಾರೂ ಓಡಾಡದ ನೆಲದಲ್ಲಿ ಮೊದಲ ಕೆಲವರ ಓಡಾಟಕ್ಕೇ ಗಿಡಗಳ ದೊಡ್ಡ ಪಾಲು ಹೋಗುತ್ತದೆ. ಆಮೇಲೆ ಎಷ್ಟೇ ಜನ ಬಂದರೂ ಹೆಚ್ಚುವರಿ ಹಾನಿ ಕಡಿಮೆ, ಏಕೆಂದರೆ ಹಾಳಾಗಲು ಉಳಿದಿರುವುದೇ ಸ್ವಲ್ಪ. ಆದ್ದರಿಂದ ಸಾವಿರ ಜನ ಸವೆದ ದಾರಿಯಲ್ಲೇ ನಡೆದರೆ ಹಾಳಾಗುವುದು ಒಂದು ಪಟ್ಟಿ. ಅದೇ ಸಾವಿರ ಜನ ತಮ್ಮ ತಮ್ಮ ‘ಖಾಲಿ ಜಾಗ’ ಹುಡುಕಿ ಚದುರಿದರೆ ಇಡೀ ಗುಡ್ಡ.

ಮಣ್ಣಿನೊಳಗೆ ಆಗುವುದೇನು? ಒಳ್ಳೆಯ ಮಣ್ಣಿನ ಕಣಗಳ ನಡುವೆ ಗಾಳಿಗೂ ನೀರಿಗೂ ಸಂದುಗಳಿರುತ್ತವೆ. ತುಳಿದಂತೆ ಅವು ಮುಚ್ಚಿಕೊಳ್ಳುತ್ತವೆ. ಮಳೆನೀರು ಇಂಗುವ ಬದಲು ಮೇಲೆಯೇ ಹರಿಯುತ್ತದೆ, ಬೇರಿಗೆ ಉಸಿರು ಸಿಗುವುದಿಲ್ಲ. ಸಮತಟ್ಟಾದ ಜಾಗದಲ್ಲಿ ಇದು ಬರೀ ಬೋಳು ನೆಲವಾಗಿ ನಿಲ್ಲಬಹುದು. ಇಳಿಜಾರಿನಲ್ಲಿ ಹಾಗಲ್ಲ. ಜನ ನಡೆದ ಜಾಡೇ ಮಳೆಗಾಲದಲ್ಲಿ ನೀರಿನ ಕಾಲುವೆಯಾಗುತ್ತದೆ, ನೀರು ಮಣ್ಣನ್ನು ಕೊರೆಯುತ್ತದೆ. ಕೊರಕಲಾದ ದಾರಿಯಲ್ಲಿ ಕಾಲಿಡಲಾಗದೆ ಜನ ಪಕ್ಕದ ಹುಲ್ಲಿಗೆ ಹತ್ತುತ್ತಾರೆ, ಅಲ್ಲಿ ಎರಡನೇ ಜಾಡು ಬೀಳುತ್ತದೆ. ಪಶ್ಚಿಮಘಟ್ಟದ ಹುಲ್ಲುಬೆಟ್ಟ ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದರ ಪಕ್ಕ ಒಂದರಂತೆ ನಾಲ್ಕೈದು ಕೆಂಪು ಗೆರೆಗಳು ನೆತ್ತಿಯವರೆಗೂ ಕಾಣುತ್ತವೆ. ನಮ್ಮ ಕಡೆ ತಿಂಗಳುಗಟ್ಟಲೆ ಸುರಿಯುವ ಮಳೆ ಬೇರೆ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಬಂದಿದ್ದ ದೃಶ್ಯ ನೆನಪಿದೆಯೇ? ಬೆಟ್ಟದ ಬದಲು ಜನಸಾಲನ್ನೇ ತೋರಿಸಿದ ಅಪರೂಪದ ವೈರಲ್ ವಿಡಿಯೋ ಅದು. ಅದರ ಬೆನ್ನಲ್ಲೇ ರಾಜ್ಯ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ತರಲು ಹೊರಟಿತು. ಜನರಿಲ್ಲದ ನೂರು ಫೋಟೋ ಮಾಡದ ಕೆಲಸವನ್ನು ಜನರಿದ್ದ ಒಂದು ವಿಡಿಯೋ ಮಾಡಿತು ಎಂದು ನಮಗನ್ನಿಸಿತು.

ಇನ್ನು ನೀಲಕುರಿಂಜಿ. 2022ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಗಿರಿಶ್ರೇಣಿ ನೀಲಿಯಾದಾಗ ಫೋಟೋಗಳು ಎಲ್ಲರ ಫೋನಿಗೂ ಬಂದವು, ಹಿಂದೆಯೇ ವಾಹನಗಳ ಸಾಲು ಗಿರಿ ಹತ್ತಿತು. ಹೂವಿನ ನಡುವೆ ಕೂತ ಫೋಟೋಗಳನ್ನು ನೋಡುವಾಗ ಈ ಗಿಡದ ಸ್ವಭಾವ ತಿಳಿದಿರಬೇಕು. ನೀಲಕುರಿಂಜಿ ಸುಮಾರು 12 ವರ್ಷ ಬರೀ ಎಲೆಯಾಗಿ ಬೆಳೆದು, ಒಂದೇ ಸಲ ಎಲ್ಲ ಗಿಡಗಳೂ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಮರುವರ್ಷ ಇನ್ನೊಂದು ಅವಕಾಶವಿಲ್ಲ. ಬೀಜ ಕಟ್ಟುವ ಮೊದಲೇ ಮುರಿದ ಅಥವಾ ತುಳಿದ ಗಿಡದ ಪಾಲಿಗೆ ಅಲ್ಲಿಗೆ ವಂಶವೇ ಮುಗಿಯಿತು. ಮುಂದಿನ ಸುತ್ತಿನಲ್ಲಿ ಆ ಜಾಗ ಎಷ್ಟು ನೀಲಿಯಾಗುತ್ತದೆ ಎನ್ನುವುದು ಆ ಕೆಲವು ವಾರಗಳಲ್ಲೇ ನಿರ್ಧಾರವಾಗುತ್ತದೆ.

ಹಾಗಾದರೆ ‘12 ವರ್ಷಕ್ಕೊಮ್ಮೆ’ ಎಂಬ ಮೆಸೇಜ್ ಎರಡು ಮೂರು ವರ್ಷಕ್ಕೊಮ್ಮೆ ಬರುವುದೇಕೆ? ಇದು ಪೂರ್ತಿ ಸುಳ್ಳಲ್ಲ. ಬೇರೆ ಬೇರೆ ಬೆಟ್ಟಗಳ ಕುರಿಂಜಿ ಬೇರೆ ಬೇರೆ ವರ್ಷ ಅರಳುತ್ತದೆ. ಮುನ್ನಾರಿನಲ್ಲಿ ಅರಳಿದ್ದು 2018ರಲ್ಲಿ. ಮೇಲಾಗಿ ಇದೇ ಕುಲದ ಇನ್ನಷ್ಟು ಜಾತಿಗಳು ಘಟ್ಟದಲ್ಲಿವೆ, ಅವುಗಳ ಅವಧಿ ಬೇರೆ. ಮೆಸೇಜಿನಲ್ಲಿ ಬೆಟ್ಟದ ಹೆಸರೂ ವರ್ಷವೂ ಇಲ್ಲದಿದ್ದರೆ ಅದನ್ನು ನಂಬಿ ಗಾಡಿ ಹತ್ತಬೇಡಿ.

ಜಾಗದ ಹೆಸರು ಮುಚ್ಚಿಟ್ಟರೆ ಸಾಕೇ?

ಲೊಕೇಶನ್ ಟ್ಯಾಗ್ ಹಾಕಬೇಡಿ ಎಂಬ ಸಲಹೆ ಈಗ ಬಹಳ ಕೇಳಿಬರುತ್ತದೆ. ನಮಗೆ ಇದರ ಮೇಲೆ ಅರ್ಧ ನಂಬಿಕೆ ಮಾತ್ರ. ಜಗತ್ಪ್ರಸಿದ್ಧ ಜಾಗದ ಹೆಸರು ಮುಚ್ಚಿಟ್ಟು ಪ್ರಯೋಜನವಿಲ್ಲ. ದೃಶ್ಯವನ್ನೇ ಮುಚ್ಚಲು ಹೋದವರಿದ್ದಾರೆ. ಜಪಾನಿನ ಫುಜಿಕವಾಗುಚಿಕೊ ಪಟ್ಟಣದಲ್ಲಿ ಅಂಗಡಿಯೊಂದರ ಹಿಂದೆ ಫುಜಿ ಪರ್ವತ ಕಾಣುವ ಫೋಟೋ ವೈರಲ್ ಆಗಿ, ಜನ ರಸ್ತೆಗೆ ನುಗ್ಗುವುದು, ಪಕ್ಕದ ಕ್ಲಿನಿಕ್ಕಿನ ಜಾಗದಲ್ಲಿ ಕಾರು ನಿಲ್ಲಿಸುವುದು ವಿಪರೀತವಾಯಿತು. 2024ರ ಮೇ ತಿಂಗಳಲ್ಲಿ ಅಲ್ಲಿನ ಆಡಳಿತ 2.5 ಮೀಟರ್ ಎತ್ತರ, 20 ಮೀಟರ್ ಉದ್ದದ ಕಪ್ಪು ಪರದೆ ಕಟ್ಟಿತು. ಕೆಲವೇ ದಿನಗಳಲ್ಲಿ ಪರದೆಯಲ್ಲಿ ಕ್ಯಾಮೆರಾ ಲೆನ್ಸ್ ಹಿಡಿಸುವಷ್ಟು ತೂತುಗಳು ಕಂಡವು!

ಆದರೆ ಹೆಸರಿಲ್ಲದ ಸಣ್ಣ ಜಾಗಗಳ ಮಾತು ಬೇರೆ. ಜೋಗದಲ್ಲಿ ಕಟಕಟೆಯಿದೆ, ಮೆಟ್ಟಿಲಿದೆ, ಶೌಚಾಲಯವಿದೆ, ಕೂಗಿ ಎಚ್ಚರಿಸಲು ಯಾರಾದರೂ ಇರುತ್ತಾರೆ. ‘ಯಾರಿಗೂ ಗೊತ್ತಿಲ್ಲದ ಜಲಪಾತ, ಬೇರೆಯವರು ಬರುವ ಮುಂಚೆ ಹೋಗಿ ಬನ್ನಿ’ ಎಂದು ಮ್ಯಾಪ್ ಸಮೇತ ಬರುವ ರೀಲ್‌ನ ಜಾಗದಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ಪಾಚಿ ಕಟ್ಟಿದ ಬಂಡೆ ಇರುತ್ತದೆ, ಯಾರದೋ ಅಡಿಕೆ ತೋಟದ ನಡುವಿನ ದಾರಿ ಇರುತ್ತದೆ, ಮೊದಲ ತುಳಿತಕ್ಕೇ ಹೋಗುವ ನೆಲ ಇರುತ್ತದೆ. ಜನಜಂಗುಳಿಯ ವ್ಯೂಪಾಯಿಂಟಿನ ಫೋಟೋಗಿಂತ ಇಂಥ ಫಾರ್ವರ್ಡ್ ಹೆಚ್ಚು ಹಾನಿ ಮಾಡುತ್ತದೆ ಎನ್ನುವುದು ನಮ್ಮ ಅಭಿಪ್ರಾಯ. ಹಂಚಲೇಬೇಕೆಂದಿದ್ದರೆ ಜಿಲ್ಲೆಯ ಹೆಸರಿಗೆ ನಿಲ್ಲಿಸಿ, ಮ್ಯಾಪಿನ ಲಿಂಕ್ ತೆಗೆದುಬಿಡಿ. ನೀವೇ ತೆಗೆದ ಫೋಟೋ ಆದರೆ ಪಕ್ಕದವರ ಮೊಣಕೈ ಇರುವುದನ್ನೂ ಒಂದು ಕಳಿಸಿ, ನೋಡಿ ಹೊರಡುವವರಿಗೆ ಅಲ್ಲಿ ಏನು ಕಾದಿದೆ ಎಂದು ಗೊತ್ತಾಗಲಿ.

ಬೆಂಕಿಯ ಜಲಪಾತದ ವಿಡಿಯೋ ಮತ್ತೆ ಬಂದರೆ ನೋಡಬೇಕಾದದ್ದು ತಾರೀಖು. ಫೆಬ್ರವರಿಯಲ್ಲಿ ಬಂದರೆ ಈ ವರ್ಷದ್ದಿರಬಹುದು. ಜುಲೈನಲ್ಲಿ ‘ಇಂದು ಬೆಳಿಗ್ಗೆಯ ದೃಶ್ಯ’ ಎಂದು ಬಂದರೆ ಹಳೆಯದು. ಬೆಳಿಗ್ಗೆ ಅಲ್ಲಿ ಆ ಬಣ್ಣ ಕಾಣುವುದೂ ಇಲ್ಲ.